ಹೊತ್ತಿನ ಲೆಕ್ಕ ಬರೆದಿಟ್ಟಾಗ

ನಮ್ಮ ಮಾತುಕತೆಯಲ್ಲಿ ‘ಪುರುಸೊತ್ತಿಲ್ಲ’ ಎಂಬ ಮಾತಿಗಿರುವ ಚಲಾವಣೆ ಬೇರಾವ ಮಾತಿಗೂ ಇದ್ದಂತಿಲ್ಲ. ಲಗ್ನಪತ್ರಿಕೆ ಕೊಡಲು ಬಂದವರು ಹೊಸ್ತಿಲಲ್ಲೇ ನಿಂತು ಹೇಳುವುದೂ ಅದನ್ನೇ. ಪಕ್ಕದ ಊರಿನಲ್ಲಿರುವ ಅಕ್ಕನನ್ನು ವರ್ಷದಿಂದ ನೋಡದವರು ಹೇಳುವುದೂ ಅದನ್ನೇ. ವೈದ್ಯರೆದುರು ಕುಳಿತಾಗಲಂತೂ ಅದಕ್ಕಿಂತ ಭದ್ರವಾದ ಗುರಾಣಿ ಇನ್ನೊಂದಿಲ್ಲ. ನಡಿಗೆ ಏಕೆ ತಪ್ಪಿತು, ಊಟ ಏಕೆ ಹೊತ್ತು ಮೀರಿತು, ನಿದ್ದೆ ಏಕೆ ಕಡಿಮೆಯಾಯಿತು ಎಂಬ ಪ್ರಶ್ನೆಗಳಿಗೆಲ್ಲ ಅದೊಂದೇ ಉತ್ತರ. ಈ ಉತ್ತರವನ್ನು ನಾನೂ ಬಹುಕಾಲ ಪ್ರಾಮಾಣಿಕವಾಗಿಯೇ ನಂಬಿಕೊಂಡಿದ್ದೆ. ಅದು ನಿಜವಲ್ಲವೆಂದು ನನಗೆ ತೋರಿಸಿಕೊಟ್ಟದ್ದು ನೂರು ಪುಟದ ಒಂದು ನೋಟುಪುಸ್ತಕ.

ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಬೋಧಿಸಿ ನಿವೃತ್ತನಾದವನು ನಾನು. ಪ್ರತಿವರ್ಷ ಜೂನ್ ತಿಂಗಳಲ್ಲಿ ಶಾಲೆಯ ವೇಳಾಪಟ್ಟಿಯನ್ನು ಸಿದ್ಧಪಡಿಸುವ ಹೊಣೆಯೂ ನನ್ನದೇ ಆಗಿತ್ತು. ಒಬ್ಬ ಶಿಕ್ಷಕರಿಗೆ ಒಂದೇ ಹೊತ್ತಿನಲ್ಲಿ ಎರಡು ತರಗತಿ ಬೀಳದಂತೆ, ಊಟದ ಬಿಡುವಿನ ನಂತರದ ಅವಧಿಗೆ ಗಣಿತ ಬಾರದಂತೆ ಚೌಕಗಳನ್ನು ಹೊಂದಿಸುವುದರಲ್ಲಿ ನನಗೊಂದು ಹೆಮ್ಮೆಯೂ ಇತ್ತು. ಇಡೀ ಶಾಲೆಯ ಹೊತ್ತನ್ನು ಹಂಚಿಕೊಟ್ಟವನಿಗೆ ತನ್ನ ಒಂದು ದಿನ ಎಲ್ಲಿ ಹೋಗುತ್ತದೆಂಬುದು ತಿಳಿದಿರಲಿಲ್ಲ.

ನಿವೃತ್ತಿಯ ಎರಡನೆಯ ವರ್ಷ ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆಯಲ್ಲಿ ಅಂಕಿ 8.1ಕ್ಕೆ ಏರಿತ್ತು. ನಮ್ಮ ವೈದ್ಯರು ನನ್ನಲ್ಲೇ ಲೆಕ್ಕ ಕಲಿತವರು. ವರದಿಯನ್ನು ನೋಡಿ, “ವಾಕಿಂಗ್ ಹೋಗ್ತಿದ್ದೀರಾ ಸಾರ್?” ಎಂದರು. “ಹೊತ್ತೆಲ್ಲಿ ಸಿಗುತ್ತೆ ಡಾಕ್ಟ್ರೇ” ಎಂದೆ. ಅವರು ನಕ್ಕು, ಔಷಧಿಯ ಚೀಟಿಯ ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಏಳು ದಿನ, ಅರ್ಧ ಗಂಟೆಗೊಂದರಂತೆ, ಏನು ಮಾಡಿದಿರೆಂದು ಬರೆದು ತನ್ನಿ. “ಏನನ್ನೂ ಬದಲಾಯಿಸಬೇಡಿ ಸಾರ್, ಬರೀರಿ ಅಷ್ಟೇ. ನೀವೇ ಹೇಳ್ತಿದ್ರಲ್ಲ, ಉತ್ತರ ಬಿಡಿ, ಮೊದಲು ಹಂತಗಳನ್ನು ಬರೆ ಅಂತ.” ಶಿಷ್ಯರಿಂದ ಹೀಗೆ ಬುದ್ಧಿ ಹೇಳಿಸಿಕೊಳ್ಳುವ ಯೋಗ ಎಲ್ಲ ಶಿಕ್ಷಕರಿಗೂ ಒಮ್ಮೆಯಾದರೂ ಬರುತ್ತದೆ.

ಅರ್ಧ ಗಂಟೆಯ ಅಳತೆ ನಮ್ಮವರಿಗೆ ಅಪರಿಚಿತವೇನಲ್ಲ. ಹಗಲಿರುಳನ್ನು ಅರವತ್ತು ಗಳಿಗೆಗಳಾಗಿ ಭಾಗಿಸಿದ್ದ ಹಿರಿಯರ ಒಂದು ಗಳಿಗೆಯೆಂದರೆ ಇಂದಿನ 24 ನಿಮಿಷ. ತಳದಲ್ಲಿ ಸಣ್ಣ ತೂತುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ತುಂಬಿ ಮುಳುಗುವವರೆಗಿನ ಹೊತ್ತನ್ನು ಅವರು ಅಳೆಯುತ್ತಿದ್ದರು. ‘ಒಂದು ಗಳಿಗೆ ಕೂತುಕೋ’ ಎಂದು ನಾವು ಈಗಲೂ ಹೇಳುತ್ತೇವೆ; ಆದರೆ ಆ ಬಟ್ಟಲು ಮುಳುಗಿದ್ದನ್ನು ಗಮನಿಸುವವರು ಯಾರೂ ಇಲ್ಲ. ದಿನಚರಿ ಎಂಬ ಪದಕ್ಕೂ ಇದೇ ಗತಿಯಾಗಿದೆ. ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ಎರಡನೆಯ ಅಧ್ಯಾಯದ ಹೆಸರೇ ದಿನಚರ್ಯ. ಏಳುವುದು, ಹಲ್ಲುಜ್ಜುವುದು, ಮೈಗೆ ಎಣ್ಣೆ ಹಚ್ಚುವುದು, ವ್ಯಾಯಾಮ, ಸ್ನಾನ ಇವೆಲ್ಲ ಅಲ್ಲಿ ವೈದ್ಯದ ಭಾಗವೇ ಆಗಿವೆ. ಈಗ ದಿನಚರಿಯೆಂದರೆ ಹೊಸ ವರ್ಷದಲ್ಲಿ ಬ್ಯಾಂಕಿನವರೋ ಗೊಬ್ಬರದ ಅಂಗಡಿಯವರೋ ಕೊಡುವ ಪುಸ್ತಕ. ಅದರಲ್ಲಿ ಹಾಲಿನ ಲೆಕ್ಕ ಬರೆಯುತ್ತೇವೆ, ಬಡ್ಡಿಯ ಲೆಕ್ಕ ಬರೆಯುತ್ತೇವೆ. ದಿನದ ಲೆಕ್ಕವೊಂದನ್ನು ಬಿಟ್ಟು.

ಬರೆಯಲು ತೊಡಗಿದ ಮೊದಲ ದಿನವೇ ನನಗೊಂದು ಸಂಗತಿ ತಿಳಿಯಿತು. ರಾತ್ರಿ ಕುಳಿತು ಇಡೀ ದಿನವನ್ನು ನೆನಪಿನಿಂದ ಬರೆಯಹೊರಟರೆ ನೆನಪು ನಮ್ಮ ಪರವಾಗಿ ಸುಳ್ಳು ಸಾಕ್ಷಿ ಹೇಳುತ್ತದೆ. ಹತ್ತು ನಿಮಿಷದ ಒಳ್ಳೆಯ ಕೆಲಸ ಅರ್ಧ ಗಂಟೆಯಾಗಿ ಹಿಗ್ಗುತ್ತದೆ. ಒಂದು ಗಂಟೆಯ ಕಾಡುಹರಟೆ ‘ಸ್ವಲ್ಪ ಹೊತ್ತು’ ಆಗಿ ಕುಗ್ಗುತ್ತದೆ. ಆದ್ದರಿಂದ ಉಪಾಹಾರದ ನಂತರ, ಮಧ್ಯಾಹ್ನದ ಊಟದ ನಂತರ, ಸಂಜೆ ದೀಪ ಹಚ್ಚಿದ ನಂತರ, ಮಲಗುವ ಮುನ್ನ ಹೀಗೆ ನಾಲ್ಕು ಸಲ ಬರೆಯುವ ರೂಢಿ ಮಾಡಿಕೊಂಡೆ. ಪ್ರತಿ ಸಲಕ್ಕೂ ಎರಡು ನಿಮಿಷ ಸಾಕಾಯಿತು.

ವಾರದ ಕೊನೆಗೆ ಕೂಡಿಸಿದಾಗ ಬಂದ ಮೊತ್ತಗಳು ನನ್ನನ್ನು ನಾಚಿಸಿದವು. ದಿನಕ್ಕೆ ಸರಾಸರಿ 2 ಗಂಟೆ 40 ನಿಮಿಷ ಮೊಬೈಲಿನಲ್ಲಿ ಕಳೆದಿತ್ತು. ನನ್ನನ್ನು ಕೇಳಿದ್ದರೆ ಅರ್ಧ ಗಂಟೆಯೆಂದು ಆಣೆಯಿಟ್ಟು ಹೇಳುತ್ತಿದ್ದೆ. ನಂಬಿಕೆಯಾಗದೆ ಮೊಮ್ಮಗಳನ್ನು ಕೇಳಿದೆ. ಅವಳು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಎಂಬ ಪುಟವನ್ನು ತೆರೆದು ತೋರಿಸಿದಳು. ಆ ಯಂತ್ರ ನನಗಿಂತ ಹೆಚ್ಚು ನಿಷ್ಠುರವಾಗಿ ಲೆಕ್ಕವಿಟ್ಟಿತ್ತು. ದೂರದರ್ಶನಕ್ಕೆ 2 ಗಂಟೆ 10 ನಿಮಿಷ, ಪತ್ರಿಕೆಗಳಿಗೂ ಕಟ್ಟೆಯ ಮಾತಿಗೂ ಒಂದೂವರೆ ಗಂಟೆ, ಮಧ್ಯಾಹ್ನದ ನಿದ್ದೆ ಒಂದೂಕಾಲು ಗಂಟೆ. ನಡಿಗೆ? ಅಂಗಡಿಗೆ ಹೋಗಿಬಂದದ್ದನ್ನೂ ಸೇರಿಸಿ 11 ನಿಮಿಷ. ಒಂದು ದಿನವಂತೂ ಕುಳಿತ ಜಾಗದಿಂದ ಏಳದೆ 3 ಗಂಟೆ 20 ನಿಮಿಷ ಕಳೆದಿದ್ದೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ವಯಸ್ಕರಿಗೆ, ವೃದ್ಧರಿಗೆ ಕೂಡ, ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಬೇಕು. ಕುಳಿತಿರುವ ಹೊತ್ತು ಕಡಿಮೆಯಾಗಬೇಕು. ವಾರದಲ್ಲಿರುವುದು 168 ಗಂಟೆ. ಕೇಳುತ್ತಿರುವ ಕನಿಷ್ಠ ಪಾಲು ಎರಡೂವರೆ ಗಂಟೆ. ಅದನ್ನು ಕೊಡಲಾಗದಷ್ಟು ಬಡವನೇನೂ ನಾನಾಗಿರಲಿಲ್ಲ. ಇಲ್ಲಿಗೇ ನಿಂತಿದ್ದರೆ ಇದು ಎಲ್ಲರೂ ಹೇಳುವ ಕಥೆಯಾಗುತ್ತಿತ್ತು: ಮೊಬೈಲು ಕಡಿಮೆ ಮಾಡಿದೆ, ನಡೆಯತೊಡಗಿದೆ, ಸಕ್ಕರೆ ಇಳಿಯಿತು. ಅದೂ ಆಯಿತೆನ್ನಿ. ಆದರೆ ನಾನು ಹೇಳಬೇಕೆಂದಿರುವುದು ಪುಸ್ತಕದ ಎರಡನೆಯ ಕಾಲಂ ಕುರಿತು.

ನನ್ನ ಲೆಕ್ಕವನ್ನು ನೋಡುತ್ತಿದ್ದಾಗ, ಆ ಚೌಕಗಳಲ್ಲಿ ಎಲ್ಲಿಯೂ ಕಾಫಿ ಮಾಡಿದ, ತಟ್ಟೆ ತೊಳೆದ, ಬಟ್ಟೆ ಒಣಗಿಸಿದ ಹೊತ್ತು ಇಲ್ಲವೆಂಬುದು ಕಣ್ಣಿಗೆ ಬಿತ್ತು. ಕಾಫಿಯನ್ನು ಕುಡಿದದ್ದಿದೆ, ಮಾಡಿದ್ದಿಲ್ಲ. ಹಾಗಾದರೆ ಆ ಹೊತ್ತು ಯಾರ ಪುಸ್ತಕದಲ್ಲಿದೆ? ಮನೆಯಾಕೆಯನ್ನು ಕೇಳಿದೆ, “ನಿಂದೂ ಮೂರು ದಿನ ಬರೆಯೋಣವೇನು?” ಅವಳು ಒಗ್ಗರಣೆಯ ಸೌಟನ್ನು ಬಿಡದೆ, “ನಂದೇನ್ ಬರೀತೀರಿ, ದಿನಾ ಇದ್ದದ್ದೇ” ಎಂದಳು. ಒತ್ತಾಯಿಸಿದಾಗ ಹೇಳಿದ್ದು ಒಂದೇ ಪದ: “ಅಡುಗೆ.” ಆ ಒಂದು ಪದವನ್ನು ಬಿಡಿಸುತ್ತ ಹೋದರೆ ಹಾಲು ಕಾಯಿಸಿದ್ದು, ಮೊಸರು ಕಡೆದದ್ದು, ರೊಟ್ಟಿ ತಟ್ಟಿದ್ದು, ಕಾಳು ಆರಿಸಿದ್ದು, ನನಗೆ ಸಪ್ಪೆ, ಅತ್ತೆಗೆ ಮೆತ್ತಗೆ, ಮೊಮ್ಮಗಳಿಗೆ ಖಾರವಿಲ್ಲದೆ ಎಂದು ಮೂರು ಬಗೆಯ ಪಲ್ಯ ಮಾಡಿದ್ದು ಎಲ್ಲ ಹೊರಬಂದವು. ಒಟ್ಟು 4 ಗಂಟೆ 50 ನಿಮಿಷ. ದೂರದರ್ಶನದ ಮುಂದೆ ಕುಳಿತ ಐವತ್ತು ನಿಮಿಷವೂ ಬಿಡುವಿನದಲ್ಲ. ಮೊರದಲ್ಲಿ ಅವರೆಕಾಯಿ ಇತ್ತು. ಬೆಳಗಿನ ನನ್ನ ಲಿಂಗಪೂಜೆ ಯಾರೂ ಕರೆಯದ ನಲವತ್ತು ನಿಮಿಷ. ಅವಳದು ಕುಕ್ಕರಿನ ಎರಡು ಕೂಗುಗಳ ನಡುವಿನ ಹನ್ನೆರಡು ನಿಮಿಷ. ಪೂಜೆಗೆ ಬೇಕಾದ ಹೂ ಬಿಡಿಸಿಟ್ಟವಳೂ ಅವಳೇ.

ಇಷ್ಟನ್ನು ಕಂಡು ನಾಚಿಕೆಪಟ್ಟು ಸುಮ್ಮನಾಗಬಹುದಿತ್ತು. ನನ್ನನ್ನು ಬೆಚ್ಚಿಬೀಳಿಸಿದ್ದು ರಾತ್ರಿಯ ಚೌಕಗಳು. ನನ್ನ ತಾಯಿಗೆ 86 ವರ್ಷ. ರಾತ್ರಿ ಬಚ್ಚಲಿಗೆ ಹೋಗಲು ಕೈಹಿಡಿಯುವವರು ಬೇಕು. ಹನ್ನೆರಡೂವರೆಗೊಮ್ಮೆ, ಮೂರು ಗಂಟೆಗೊಮ್ಮೆ ಮನೆಯಾಕೆ ಏಳುತ್ತಿದ್ದಳು. ಹನ್ನೊಂದಕ್ಕೆ ಮಲಗಿ ಐದಕ್ಕೂ ಮುಂಚೆ ಏಳುವವಳ ನಿದ್ದೆ ಹೀಗೆ ಮೂರು ತುಂಡಾಗಿ, ಕೂಡಿಸಿದರೆ 5 ಗಂಟೆ 10 ನಿಮಿಷವಾಗುತ್ತಿತ್ತು. ಇದು ಎರಡು ವರ್ಷಗಳಿಂದ ನಡೆದಿತ್ತು. ಅದೇ ಕೋಣೆಯಲ್ಲಿ ಮಲಗುವ ನನಗೆ ಒಂದು ರಾತ್ರಿಯೂ ಎಚ್ಚರವಾಗಿರಲಿಲ್ಲ. ಎಂದಾದರೂ ಅವಳು ತಲೆ ಭಾರವೆಂದರೆ ಬಿಸಿಲಿರಬೇಕು ಎನ್ನುತ್ತಿದ್ದೆ.

ಮುಂದಿನ ಭೇಟಿಗೆ ಅವಳನ್ನೂ ಕರೆದೊಯ್ದೆ. ರಕ್ತದೊತ್ತಡ 160/100 ಇತ್ತು. ಅದನ್ನು ಕೊನೆಯ ಸಲ ಅಳೆದದ್ದು ಯಾವಾಗ ಎಂದು ವೈದ್ಯರು ಕೇಳಿದಾಗ ಇಬ್ಬರಿಗೂ ನೆನಪಾಗಲಿಲ್ಲ. ನಿದ್ದೆಯ ಕೊರತೆಯೊಂದರಿಂದಲೇ ಹೀಗಾಯಿತೆಂದು ಅವರು ಹೇಳಲಿಲ್ಲ. ವಯಸ್ಸು, ಉಪ್ಪು, ವಂಶ ಎಲ್ಲ ಸೇರುತ್ತವೆ. ಆದರೆ ವಯಸ್ಕರಿಗೆ ಕನಿಷ್ಠ 7 ಗಂಟೆಯ ನಿದ್ದೆ ಬೇಕೆಂದೂ, ವರ್ಷಗಟ್ಟಲೆ ಅದು ತಪ್ಪಿದರೆ ರಕ್ತದೊತ್ತಡಕ್ಕೂ ಸಕ್ಕರೆಗೂ ಹೃದಯಕ್ಕೂ ತೊಂದರೆಯೆಂದೂ ವಿವರಿಸಿದರು. ನನ್ನ ಸಕ್ಕರೆಗೆಂದು ತೆರೆದ ಪುಸ್ತಕ ಅವಳ ರಕ್ತದೊತ್ತಡವನ್ನು ಹಿಡಿದುಕೊಟ್ಟಿತು.

ಇದು ನಮ್ಮೊಂದು ಮನೆಯ ಸಂಗತಿಯಲ್ಲ. ಭಾರತ ಸರ್ಕಾರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ದೇಶದಾದ್ಯಂತ ಇದೇ ಬಗೆಯ ಲೆಕ್ಕವನ್ನು ಸಂಗ್ರಹಿಸುತ್ತದೆ. ಅದಕ್ಕೆ ಸಮಯ ಬಳಕೆ ಸಮೀಕ್ಷೆಯೆಂದು ಹೆಸರು. ಹಿಂದಿನ ದಿನ ನಸುಕಿನ 4 ಗಂಟೆಯಿಂದ ಆ ದಿನ ನಸುಕಿನ 4 ಗಂಟೆಯವರೆಗೆ, ಅರ್ಧರ್ಧ ಗಂಟೆಯಂತೆ, ಏನು ಮಾಡಿದಿರೆಂದು ಮನೆಮನೆಗೆ ಹೋಗಿ ಕೇಳುತ್ತಾರೆ. 2019ರ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನವೊಂದಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ ಗಂಡಸರು ಕೊಟ್ಟದ್ದು 97 ನಿಮಿಷ. ಅದೂ ಆ ಕೆಲಸಕ್ಕೆ ಕೈಹಾಕಿದ ಗಂಡಸರ ಲೆಕ್ಕ ಮಾತ್ರ; ಕೈಹಾಕಿದವರು ನೂರಕ್ಕೆ 26 ಮಂದಿ, ಹೆಂಗಸರಲ್ಲಿ ನೂರಕ್ಕೆ 81. 2024ರ ಸಮೀಕ್ಷೆಯ ವೇಳೆಗೆ ಆ ಅಂಕಿಗಳು 289 ಮತ್ತು 88 ಆಗಿವೆ. ಎರಡೂ ಕಡೆ ಒಂದಿಷ್ಟು ಇಳಿದಿವೆ. ನಡುವಿನ ಅಂತರ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇದೆ. ಇನ್ನೂರು ನಿಮಿಷ, ಎಂದರೆ ಮೂರು ಗಂಟೆಗೂ ಮಿಗಿಲು. ನಮ್ಮ ‘ಪುರುಸೊತ್ತು’ ಎಲ್ಲಿಂದ ಬರುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕ ಬೇಕಿಲ್ಲ.

ಆದಕಾರಣ ನನ್ನ ಅಭಿಪ್ರಾಯ ಇಷ್ಟು. ಹೊತ್ತಿನ ಲೆಕ್ಕವನ್ನು ಒಬ್ಬರದಾಗಿ ಬರೆಯಬಾರದು, ಮನೆಯದಾಗಿ ಬರೆಯಬೇಕು. ಒಬ್ಬನೇ ಬರೆದು ತನ್ನ ದಿನವನ್ನು ಅಚ್ಚುಕಟ್ಟು ಮಾಡಿಕೊಂಡರೆ, ಆ ಅಚ್ಚುಕಟ್ಟಿನ ಭಾರ ಇನ್ನೊಬ್ಬರ ಮೇಲೆ ಬೀಳುವುದೇ ಹೆಚ್ಚು. ಬೆಳಿಗ್ಗೆ ಐದೂವರೆಗೆ ನಡಿಗೆಗೆ ಹೊರಡುವ ಯಜಮಾನರಿಗೆ ಐದೂಕಾಲಿಗೆ ಕಷಾಯ ಕಾಯಿಸಿಕೊಡುವವರು ಎಷ್ಟಕ್ಕೆ ಎದ್ದಿರಬೇಕೆಂಬುದನ್ನು ಆರೋಗ್ಯದ ಉಪನ್ಯಾಸಗಳಲ್ಲಿ ಯಾರೂ ಹೇಳುವುದಿಲ್ಲ.

ಸಮಯ ನಿರ್ವಹಣೆಯ ಹೆಸರಿನಲ್ಲಿ ನಡೆಯುವ ಉಪದೇಶಗಳ ಬಗ್ಗೆಯೂ ಒಂದು ಮಾತು. ಖಾಲಿ ಇರುವ ಪ್ರತಿ ನಿಮಿಷವನ್ನೂ ದುಡಿಮೆಯಿಂದ ತುಂಬುವುದೇ ಜಾಣತನವೆಂಬಂತೆ ಅವು ಮಾತನಾಡುತ್ತವೆ. ರಷ್ಯದಲ್ಲಿ ಅಲೆಕ್ಸಾಂಡರ್ ಲ್ಯುಬಿಶ್ಚೆವ್ ಎಂಬ ಕೀಟಶಾಸ್ತ್ರಜ್ಞರಿದ್ದರು. 1916ರಲ್ಲಿ ಹೊತ್ತಿನ ಲೆಕ್ಕ ಬರೆಯತೊಡಗಿ, 1972ರಲ್ಲಿ ತೀರಿಕೊಳ್ಳುವವರೆಗೂ ಬಿಡದೆ ಬರೆದರು. ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಜಮಾಖರ್ಚು ಕೂಡ ತೆಗೆಯುತ್ತಿದ್ದರು. ದಾನಿಯಿಲ್ ಗ್ರಾನಿನ್ ಎಂಬ ಲೇಖಕರು 1974ರಲ್ಲಿ ಅವರನ್ನು ಕುರಿತು ಪುಸ್ತಕವನ್ನೇ ಬರೆದರು. ಇಂಥವರು ನಿದ್ದೆಗೆಟ್ಟು ದುಡಿದಿರಬೇಕೆಂದು ಯಾರಿಗಾದರೂ ಅನಿಸುತ್ತದೆ. ಆದರೆ ಅವರು ತಮಗೆ ಹಾಕಿಕೊಂಡಿದ್ದ ನಿಯಮಗಳಲ್ಲಿ ದಿನಕ್ಕೆ ಸುಮಾರು ಹತ್ತು ಗಂಟೆ ನಿದ್ದೆ ಮಾಡುವುದೂ ಒಂದು, ದಣಿದೊಡನೆ ಕೆಲಸ ನಿಲ್ಲಿಸಿ ವಿಶ್ರಮಿಸುವುದು ಇನ್ನೊಂದು. ಐವತ್ತಾರು ವರ್ಷ ನಿಮಿಷಗಳನ್ನು ಎಣಿಸಿದವರೇ ನಿದ್ದೆಗೆ ಇಷ್ಟು ಉದಾರವಾಗಿ ಕೊಟ್ಟಿದ್ದರೆ, ಲೆಕ್ಕವಿಡುವುದು ಜಿಪುಣತನಕ್ಕೆಂದು ನಾವೇಕೆ ಭಾವಿಸಬೇಕು?

ಬೆಂಗಳೂರಿನಲ್ಲಿರುವ ನನ್ನ ಮಗ ಈ ಪುಸ್ತಕವನ್ನು ನೋಡಿ, “ಇದು ನಮ್ಮ ಟೈಮ್‌ಶೀಟ್ ಇದ್ದಂಗಿದೆ ಅಪ್ಪಾಜಿ” ಎಂದ. ಅವನ ಕಂಪನಿಯಲ್ಲಿ ಪ್ರತಿ ಶುಕ್ರವಾರ, ಯಾವ ಕೆಲಸಕ್ಕೆ ಎಷ್ಟು ಗಂಟೆಯೆಂದು ತುಂಬಿಸಿ ಕೊಡಬೇಕಂತೆ. ಆ ಹಾಳೆಯಲ್ಲಿ ದಿನಕ್ಕೆ ಎಂಟು ಗಂಟೆ ಇದೆ. ಯಲಹಂಕದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವ ಮೂರೂವರೆ ಗಂಟೆಗೆ ಅದರಲ್ಲಿ ಚೌಕವಿಲ್ಲ; ಊಟದ ತಟ್ಟೆಯ ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟ ರಾತ್ರಿಗಳಿಗೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಜೊತೆಗೂಡಿ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ನೂರಕ್ಕೆ 35ರಷ್ಟು ಹೆಚ್ಚು. ಹೃದಯದ ರಕ್ತನಾಳಗಳ ಕಾಯಿಲೆಯಿಂದ ಸಾಯುವ ಅಪಾಯ ನೂರಕ್ಕೆ 17ರಷ್ಟು ಹೆಚ್ಚು. ಕಂಪನಿಗೆ ಕೊಡುವ ಲೆಕ್ಕದಲ್ಲಿ ಕಾಣದ ಗಂಟೆಗಳನ್ನು ನಮ್ಮ ಮೈ ಮಾತ್ರ ಮರೆಯುವುದಿಲ್ಲ. ಮಗನಿಗೆ ನಾನು ಹೇಳಿದ್ದು, ಕಂಪನಿಗೆ ಒಂದು ಹಾಳೆ ಬರೆದಂತೆ ಮೈಗೂ ಒಂದು ಹಾಳೆ ಬರೆ ಎಂದು. ಬರೆಯುತ್ತಿದ್ದಾನೋ ಇಲ್ಲವೋ, ಕೇಳಿದರೆ ಪುರುಸೊತ್ತಿಲ್ಲ ಎನ್ನುತ್ತಾನೆ.

ತಮ್ಮ ಹೊತ್ತು ತಮ್ಮ ಕೈಯಲ್ಲಿಲ್ಲದವರೂ ನಮ್ಮ ನಡುವೆ ಬಹಳ ಮಂದಿಯಿದ್ದಾರೆ. ರಾತ್ರಿ ಬಸ್ಸಿನ ಚಾಲಕರು, ಪಾಳಿಯ ಮೇಲೆ ದುಡಿಯುವ ದಾದಿಯರು, ತ್ರೀ ಫೇಸ್ ವಿದ್ಯುತ್ತು ರಾತ್ರಿ ಬಂದರೆ ರಾತ್ರಿಯೇ ಬ್ಯಾಟರಿ ಹಿಡಿದು ತೋಟಕ್ಕೆ ನೀರು ಹಾಯಿಸಲು ಹೋಗುವ ರೈತರು. ಇವರಿಗೆ ‘ಹೊತ್ತನ್ನು ಸರಿಯಾಗಿ ಬಳಸಿ’ ಎಂದು ಹೇಳುವುದು ಅವಮಾನವೇ ಸರಿ. ಆದರೂ ಇವರು ಒಂದು ವಾರದ ಲೆಕ್ಕ ಬರೆದರೆ ಅದು ವೈದ್ಯರಿಗೆ ಉಪಯೋಗಕ್ಕೆ ಬರುತ್ತದೆ. ಯಾವ ಹೊತ್ತಿಗೆ ಊಟ, ಯಾವ ಹೊತ್ತಿಗೆ ನಿದ್ದೆಯೆಂದು ತಿಳಿಯದೆ ಬರೆದ ಮಾತ್ರೆಯ ವೇಳೆ ಅನೇಕ ಸಲ ಹೊಂದುವುದೇ ಇಲ್ಲ. ‘ರಾತ್ರಿ ಊಟದ ನಂತರ’ ಎಂದರೆ ನೀರು ಹಾಯಿಸಿ ನಸುಕಿಗೆ ಉಣ್ಣುವವನು ಏನೆಂದು ತಿಳಿಯಬೇಕು?

ಬರೆಯಬಯಸುವವರಿಗೆ ಅನುಭವದಿಂದ ಕೆಲವು ಮಾತುಗಳು. ಒಂದು ವಾರ ಸಾಕು, ಆದರೆ ಅದರಲ್ಲಿ ಭಾನುವಾರವೂ ಇರಲಿ. ಮಠದ ಜಾತ್ರೆ, ಮನೆಯ ಮದುವೆ, ಬಿತ್ತನೆ, ಸುಗ್ಗಿಯ ದಿನಗಳನ್ನು ಬಿಡಿ. ಆ ದಿನಗಳ ಲೆಕ್ಕ ಬೇರೆ. ಪುಸ್ತಕವನ್ನು ಮೇಜಿನ ಮೇಲಿಡದೆ ಅಡುಗೆಮನೆಯ ಗೂಟಕ್ಕೆ ದಾರ ಕಟ್ಟಿ ತೂಗುಹಾಕಿ, ಪೆನ್ನನ್ನೂ ಅದೇ ದಾರಕ್ಕೆ ಕಟ್ಟಿ. ಇಲ್ಲವಾದರೆ ಮೊದಲು ಕಳೆದುಹೋಗುವುದು ಪೆನ್ನು. ಬರೆಯಲು ಬಾರದ ಹಿರಿಯರಿಗೆ ಮಕ್ಕಳು ಬರೆದುಕೊಡಲಿ. ನಮ್ಮ ಮೊಮ್ಮಗಳು ಅಜ್ಜಿಯ ಕಾಲಂ ತುಂಬುವಾಗ ನನಗಿಂತ ಕಟ್ಟುನಿಟ್ಟಾಗಿದ್ದಳು. ನಿದ್ದೆ ಬಾರದೆ ಕಷ್ಟಪಡುವವರು ಮಾತ್ರ ರಾತ್ರಿ ಗಡಿಯಾರ ನೋಡಿ ಬರೆಯಹೋಗಬಾರದು. ಹಾಸಿಗೆಯಲ್ಲಿ ಗಡಿಯಾರ ನೋಡಿದಷ್ಟೂ ಕಳವಳ ಹೆಚ್ಚಿ ನಿದ್ದೆ ಮತ್ತಷ್ಟು ದೂರವಾಗುತ್ತದೆ. ಬೆಳಿಗ್ಗೆ ಎದ್ದು ಅಂದಾಜಿನಿಂದ ಬರೆದರೆ ಸಾಕು. ಮೊಬೈಲನ್ನು ಬಿಡಲು ಎಷ್ಟು ಪ್ರಯತ್ನಿಸಿದರೂ ಆಗುತ್ತಿಲ್ಲವೆಂದು ಲೆಕ್ಕ ತೋರಿಸಿದರೆ ಅದನ್ನು ಸೋಮಾರಿತನವೆಂದು ಬೈದುಕೊಳ್ಳಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ‘ಶಟ್’ ಎಂಬ ಚಿಕಿತ್ಸಾಲಯ 2014ರಿಂದ ಇದೆ. ಇನ್ನು, ಲೆಕ್ಕ ಬರೆಯುವುದೇ ಒಂದು ಗೀಳಾಗಿ, ಹರಟೆಗೆ ಬಂದ ನೆಂಟರ ಮುಂದೆ ಗಡಿಯಾರ ನೋಡುವಂತಾದರೆ ಪುಸ್ತಕವನ್ನು ಆ ಗಳಿಗೆಯೇ ಮುಚ್ಚಿಬಿಡುವುದು ಒಳ್ಳೆಯದು. ಕಟ್ಟೆಯ ಮಾತಿಗೆ ನಾನು ಕತ್ತರಿ ಹಾಕಲಿಲ್ಲ. ಒಂಟಿಯಾಗಿ ಉಳಿದ ಗೆಳೆಯರಿಬ್ಬರಿಗೆ ಅದೇ ಔಷಧವೆಂದು ನನಗೆ ಗೊತ್ತು.

ಮನೆಯಲ್ಲಿ ಆದ ಬದಲಾವಣೆಗಳು ದೊಡ್ಡವೇನಲ್ಲ. ರಾತ್ರಿ ತಾಯಿಯನ್ನು ಎಬ್ಬಿಸಿ ಕರೆದೊಯ್ಯುವ ಸರದಿಯನ್ನು ದಿನ ಬಿಟ್ಟು ದಿನ ನಾನು ವಹಿಸಿಕೊಂಡೆ. ಮೊದಲ ರಾತ್ರಿ ತಾಯಿ ಒಪ್ಪಲಿಲ್ಲ. “ನೀನ್ಯಾಕೆ ಬಂದೆ, ಅವಳೆಲ್ಲಿ? ಗಂಡಸ್ರು ಮಾಡೋ ಕೆಲಸವೇನೋ ಇದು?” ಎಂದು ಕತ್ತಲಲ್ಲೇ ಗದರಿದಳು. ನಾನು ಚಿಕ್ಕವನಿದ್ದಾಗ ರಾತ್ರಿ ಕೈಹಿಡಿದು ಹಿತ್ತಿಲಿಗೆ ಕರೆದೊಯ್ಯುತ್ತಿದ್ದವಳು ಅವಳೇ ಅಲ್ಲವೇ ಎಂದು ಕೇಳಿದ ಮೇಲೆ ಸುಮ್ಮನಾದಳು. ಈಗ ಸಂಜೆಯೇ “ಇವತ್ತು ಯಾರ ಪಾಳಿ?” ಎಂದು ವಿಚಾರಿಸುತ್ತಾಳೆ. ಸಂಜೆಯ ಕಾಫಿ, ಕಾಳು ಆರಿಸುವುದು, ಬಟ್ಟೆ ಮಡಿಸುವುದು ನನ್ನ ಕಾಲಂಗೆ ಬಂದಿವೆ. ಊಟದ ನಂತರದ ಹದಿನೈದು ನಿಮಿಷದ ನಡಿಗೆಗೆ ಇಬ್ಬರೂ ಹೋಗುತ್ತೇವೆ.

ಮೂರು ತಿಂಗಳ ನಂತರ ಇನ್ನೊಮ್ಮೆ ಒಂದು ವಾರ ಬರೆದೆವು. ನನ್ನ ಸಕ್ಕರೆಯ ಅಂಕಿ 7.2ಕ್ಕೆ ಇಳಿದಿದೆ. ಅವಳ ರಕ್ತದೊತ್ತಡ ಮಾತ್ರೆಯ ನೆರವಿನಿಂದ ಹತೋಟಿಗೆ ಬಂದಿದೆ. ನಿದ್ದೆಯ ಸರಾಸರಿ 6 ಗಂಟೆ 20 ನಿಮಿಷ. ವೈದ್ಯರು ಹೇಳಿದ ಏಳಕ್ಕೆ ಇನ್ನೂ ನಲವತ್ತು ನಿಮಿಷ ಬಾಕಿ. ಅದನ್ನು ಎಲ್ಲಿಂದ ತರುವುದೆಂದು ಇಬ್ಬರೂ ಪುಸ್ತಕ ಮುಂದಿಟ್ಟುಕೊಂಡು ಹುಡುಕುತ್ತಿದ್ದೇವೆ. ಹಾಲಿನವನು ಐದಕ್ಕೇ ಬರುತ್ತಾನೆ. ಅವನನ್ನು ಆರಕ್ಕೆ ಬರಹೇಳಿದರೆ ಅವನ ಪುಸ್ತಕದಲ್ಲಿ ಏನಾಗುತ್ತದೋ ಮೊದಲು ಕೇಳಿ ತಿಳಿಯಬೇಕು.